ಆರ್ಕೆಸ್ಟ್ರಾ ಕಂಡಕ್ಟರ್ ಮತ್ತು ಜುಬಿನ್ ಮೆಹ್ತಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಹವ್ಯಾಸಿ ವಾದ್ಯವೃಂದದಲ್ಲಿ, ಎರಡನೇ ಪಿಟೀಲುಗಳ ಸಾಲಿನ ಕಟ್ಟಕಡೆಯ ಕುರ್ಚಿಯಲ್ಲಿ ಎರಡು ವರ್ಷ ಕುಳಿತವನು ನಾನು. ಅಷ್ಟಕ್ಕೇ ನೆಂಟರಿಷ್ಟರು ನನ್ನನ್ನು ಪಾಶ್ಚಾತ್ಯ ಸಂಗೀತದ ಪಂಡಿತನೆಂದು ತಿಳಿದು, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಪ್ರಶ್ನೆ ಕೇಳುತ್ತಾರೆ. ಹೆಚ್ಚಿನ ಪ್ರಶ್ನೆಗಳು ಮುಂಬೈಯಲ್ಲಿ ಹುಟ್ಟಿ ಹೊರದೇಶಗಳ ದೊಡ್ಡ ವಾದ್ಯವೃಂದಗಳನ್ನು ನಡೆಸಿದ ಜುಬಿನ್ ಮೆಹ್ತಾ ಅವರ ಸುತ್ತಲೇ ತಿರುಗುವುದರಿಂದ ಉತ್ತರಗಳೂ ಅವರ ಬದುಕಿನ ಸುತ್ತಲೇ ಇವೆ.

ಕಂಡಕ್ಟರ್ ಎಂದರೆ ಯಾರು? ಇದು ಗಣೇಶನ ಹಬ್ಬದ ಆರ್ಕೆಸ್ಟ್ರಾವೇ?

ನಮ್ಮಲ್ಲಿ ಕಂಡಕ್ಟರ್ ಎಂದರೆ ಟಿಕೆಟ್ ಕೊಡುವವರು, ಆರ್ಕೆಸ್ಟ್ರಾ ಎಂದರೆ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವ ತಂಡ. ಹಾಗಾಗಿ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇಲ್ಲಿ ಹೇಳುತ್ತಿರುವ ಆರ್ಕೆಸ್ಟ್ರಾ ಎಂದರೆ ಎಂಬತ್ತು, ನೂರು ಜನ ವಾದಕರ ವೃಂದ: ಪಿಟೀಲು, ಅದರ ದೊಡ್ಡ ಬಂಧುಗಳಾದ ವಿಯೋಲಾ, ಚೆಲ್ಲೊ, ಡಬಲ್ ಬಾಸ್, ಜೊತೆಗೆ ಕೊಳಲು, ಕ್ಲಾರಿನೆಟ್, ಹಾರ್ನ್, ಟ್ರಂಪೆಟ್, ಡೋಲು. ಅವರ ಮುಂದೆ, ಸಭಿಕರಿಗೆ ಬೆನ್ನು ಹಾಕಿ ನಿಂತು ಕೈಸನ್ನೆಯಿಂದ ನಡೆಸುವವರು ಕಂಡಕ್ಟರ್. ಪತ್ರಿಕೆಗಳು ‘ವಾದ್ಯವೃಂದ ನಿರ್ದೇಶಕ’ ಎಂದು ಬರೆಯುತ್ತವೆ.

ಕರಾವಳಿಯವರಿಗೆ ಇದನ್ನು ಹೇಳುವುದು ಸುಲಭ. ಯಕ್ಷಗಾನದ ಭಾಗವತರನ್ನು ‘ಒಂದನೇ ವೇಷ’ ಎನ್ನುತ್ತಾರಲ್ಲ, ಸುಮಾರಾಗಿ ಅದೇ ಸ್ಥಾನ. ಚೆಂಡೆ ಮದ್ದಳೆಯೂ ವೇಷಧಾರಿಯ ಕಾಲೂ ಅವರ ತಾಳದ ಹಿಡಿತದಲ್ಲಿರುತ್ತವೆ. ಆದರೆ ಭಾಗವತರು ಹಾಡುತ್ತಾರೆ. ಕಂಡಕ್ಟರ್ ಮಾತ್ರ ಇಡೀ ವೇದಿಕೆಯಲ್ಲಿ ಒಂದು ಸ್ವರವನ್ನೂ ಹೊರಡಿಸದ ಏಕೈಕ ಸಂಗೀತಗಾರ.

ಎಲ್ಲರ ಎದುರಿಗೂ ಸ್ವರಲಿಪಿ ಇರುತ್ತದೆ. ಕೈ ಆಡಿಸುವವರು ಏಕೆ ಬೇಕು?

ಸಿಂಫನಿ ಎಂದರೆ ವೃಂದಕ್ಕಾಗಿ ಬರೆದ ದೊಡ್ಡ ಕೃತಿ. ಬೀಥೋವನ್‌ನ ಐದನೇ ಸಿಂಫನಿಯ ಮೊದಲ ಪಲುಕು ಎಲ್ಲರಿಗೂ ಗೊತ್ತು: ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ಕೇಳಲು ಇಷ್ಟು ಸರಳವಾದದ್ದು ನುಡಿಸಲು ಪ್ರಾಣಸಂಕಟ. ಲಿಪಿಯಲ್ಲಿ ಆ ಮೂರು ಸ್ವರಗಳಿಗಿಂತ ಮುಂಚೆ ಒಂದು ಚಿಕ್ಕ ಮೌನವಿದೆ. ಲಿಪಿಯನ್ನು ಲಯಕ್ಕೆ ತಕ್ಕಂತೆ ಗೆರೆ ಎಳೆದು ಮನೆಗಳಾಗಿ ಭಾಗಿಸಿರುತ್ತಾರೆ. ಮೊದಲ ಮನೆಯಲ್ಲಿ ನಾಲ್ಕು ಅಕ್ಷರಗಳಿದ್ದರೆ ಮೊದಲನೆಯದು ಖಾಲಿ. ನಮ್ಮವರ ಭಾಷೆಯಲ್ಲಿ ಅನಾಗತ ಎಡುಪು, ಎಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು. ನಮ್ಮ ಸಂಗೀತ ಕಛೇರಿಯಲ್ಲಾದರೆ ತಾಳ ಹಾಕುವ ಕೈ ಕಣ್ಣೆದುರು ತಿರುಗುತ್ತಲೇ ಇರುತ್ತದೆ, ಎಡುಪು ಎಲ್ಲಿದ್ದರೂ ಹಿಡಿಯಬಹುದು. ಇಲ್ಲಿ ಅದಕ್ಕೆ ಮುಂಚೆ ಏನೂ ಇಲ್ಲ. ಕಂಡಕ್ಟರ್ ಕೈಯ ಕೋಲು ಮೇಲೆದ್ದು ಕೆಳಗಿಳಿಯುತ್ತದೆ, ಆ ಏಟು ಬೀಳುವುದು ಮೌನದ ಮೇಲೆ. ಅದರಿಂದ ಪುಟಿದೆದ್ದಂತೆ ಅಷ್ಟೂ ತಂತಿವಾದ್ಯಗಳು ಮತ್ತು ಎರಡು ಕ್ಲಾರಿನೆಟ್ ಒಟ್ಟಿಗೆ ಹೊರಡಬೇಕು. ವೇಗ ಎಷ್ಟು, ಬಿಲ್ಲಿನ ಒತ್ತಡ ಎಷ್ಟು ಎಂಬುದೆಲ್ಲ ಆ ಕೋಲು ಮೇಲೇರುವ ಅರೆಕ್ಷಣದಲ್ಲೇ ತಿಳಿಯಬೇಕು. ನಾಲ್ಕನೇ ಸ್ವರದ ಮೇಲೆ ‘ಇಷ್ಟು ಹೊತ್ತು’ ಎಂದು ಲೆಕ್ಕವಿಲ್ಲದ ನಿಲುಗಡೆ ಇದೆ. ಎಷ್ಟು ನಿಲ್ಲಬೇಕು? ಅದನ್ನು ತೀರ್ಮಾನಿಸುವವರು ಒಬ್ಬರೇ.

ನಾವು ಇದನ್ನು ಮೊದಲ ಸಲ ನುಡಿಸಿದಾಗ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತಾಯಿತು. ನಮ್ಮನ್ನು ನಡೆಸುತ್ತಿದ್ದವರು ಬೈಯಲಿಲ್ಲ. ‘ಉಸಿರು ತೆಗೆದುಕೊಳ್ಳಿ’ ಎಂದರು, ತಾವೂ ಜೋರಾಗಿ ಮೂಗಿನಿಂದ ಉಸಿರೆಳೆದು ಕೋಲು ಎತ್ತಿದರು. ಎರಡನೇ ಸಲ ಸರಿಹೋಯಿತು. ಮೂರನೇ ಸಲ ಮತ್ತೆ ಆಲಿಕಲ್ಲು, ಆ ಮಾತು ಬೇರೆ.

ವೇದಿಕೆಯ ಮೇಲಿನ ಕೆಲಸದ ಬಹುಪಾಲು ತಾಲೀಮಿನಲ್ಲೇ ಮುಗಿದಿರುತ್ತದೆ. ಕಛೇರಿಯ ದಿನ ನಾವು ನೋಡುವುದು ಅದರ ನೆನಪೋಲೆಯನ್ನು.

ಆ ಕೋಲು ಯಾವಾಗಿನಿಂದ?

ಕೈಯಲ್ಲಿ ಹಿಡಿಯುವ ಹಗುರ ಕೋಲು ರೂಢಿಗೆ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೂ ಹಿಂದೆ ಕೆಲವರು ಉದ್ದನೆಯ ದೊಣ್ಣೆಯಿಂದ ನೆಲ ಕುಟ್ಟಿ ಲಯ ತೋರಿಸುತ್ತಿದ್ದರು. ಫ್ರಾನ್ಸಿನ ಆಸ್ಥಾನ ಸಂಗೀತಗಾರ ಲುಲ್ಲಿ 1687ರಲ್ಲಿ ಹಾಗೆ ಕುಟ್ಟುವಾಗ ತನ್ನ ಕಾಲಿಗೇ ಹೊಡೆದುಕೊಂಡು, ಗಾಯ ಕೊಳೆತು ಸತ್ತ. ಈ ಕಸುಬಿನ ಮೊದಲ ಅಪಘಾತ ಎನ್ನಿ. ಇಂದಿಗೂ ಕೋಲಿಲ್ಲದೆ ಬರಿಗೈಯಲ್ಲಿ ನಡೆಸುವವರಿದ್ದಾರೆ. ಮೆಹ್ತಾ ಕೋಲಿನ ಪಂಗಡ.

ಮುಂಬೈಯ ಪಾರ್ಸಿ ಹುಡುಗ ಇದಕ್ಕೆ ಬಂದದ್ದು ಹೇಗೆ?

ಮನೆಯಿಂದಲೇ. ತಂದೆ ಮೆಹ್ಲಿ ಮೆಹ್ತಾ ಪಿಟೀಲು ವಾದಕರು, ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. 1936ರ ಏಪ್ರಿಲ್ 29ರಂದು ಹುಟ್ಟಿದ ಜುಬಿನ್‌ಗೆ ತಾಲೀಮಿನ ಸದ್ದೇ ಜೋಗುಳ. ಹದಿನಾರರ ವಯಸ್ಸಿಗೆ ತಂದೆಯ ವೃಂದಕ್ಕೆ ತಾಲೀಮು ನಡೆಸುತ್ತಿದ್ದರು.

ಹಾಗೆಂದು ಮನೆಯವರು ಅವರನ್ನು ಸಂಗೀತಕ್ಕೇ ಬಿಟ್ಟುಬಿಡಲಿಲ್ಲ. ಸಂಗೀತದಿಂದ ಹೊಟ್ಟೆ ತುಂಬುವುದಿಲ್ಲ ಎಂಬ ಭಯ ಪಾರ್ಸಿಗಳಿಗೂ ಬೇರೆಯೇನಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ವೈದ್ಯಕೀಯಕ್ಕೆ ಬೇಕಾದ ಓದು ಆರಂಭವಾಯಿತು, ಅರ್ಧಕ್ಕೆ ನಿಂತಿತು. 1954ರಲ್ಲಿ ಹದಿನೆಂಟರ ಹುಡುಗ ವಿಯೆನ್ನಾಕ್ಕೆ ಹೊರಟರು. ತಮ್ಮ ಝರಿನ್ ಲೆಕ್ಕಪರಿಶೋಧಕರಾದರು. ಆದರೆ ಅವರೂ ಕೊನೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಎಂಬ ವೃಂದದ ಆಡಳಿತದ ಚುಕ್ಕಾಣಿ ಹಿಡಿದರು. ಆ ಮನೆಯಿಂದ ಆರ್ಕೆಸ್ಟ್ರಾವನ್ನು ತಪ್ಪಿಸಿಕೊಳ್ಳುವುದು ಯಾರಿಗೂ ಸಾಧ್ಯವಾಗಲಿಲ್ಲ.

ವಿಯೆನ್ನಾದಲ್ಲಿ ಕಲಿತದ್ದು ಏನು? ಕೈ ಬೀಸುವುದನ್ನು ಕಲಿಸುತ್ತಾರೆಯೇ?

ಕೈಯ ವ್ಯಾಕರಣ ಬೇಗ ಬರುತ್ತದೆ. ನಾಲ್ಕು ಎಣಿಕೆಯ ಲಯಕ್ಕೆ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲಕ್ಕೆ. ಒಂದು ಮಧ್ಯಾಹ್ನ ಸಾಕು. ವರ್ಷಗಟ್ಟಲೆ ಹಿಡಿಯುವುದು ಸ್ಕೋರ್ ಓದುವುದು. ಸ್ಕೋರ್ ಎಂದರೆ ಎಲ್ಲ ವಾದ್ಯಗಳ ಸಾಲುಗಳನ್ನೂ ಒಂದರ ಕೆಳಗೊಂದು ಬರೆದ ದಪ್ಪ ಪುಸ್ತಕ. ಒಂದು ಪುಟದಲ್ಲಿ ಇಪ್ಪತ್ತು ಮೂವತ್ತು ಸಾಲುಗಳಿರಬಹುದು. ಅದರಲ್ಲೂ ಕ್ಲಾರಿನೆಟ್, ಹಾರ್ನ್ ಮುಂತಾದ ವಾದ್ಯಗಳಿಗೆ ಬರೆದ ಸ್ವರ ಒಂದು, ಕೇಳುವ ಸ್ವರ ಇನ್ನೊಂದು. ಅಷ್ಟನ್ನೂ ಏಕಕಾಲಕ್ಕೆ ಓದಿ, ಒಂದು ವಾದ್ಯವೂ ನುಡಿಯದೆ ತಲೆಯೊಳಗೆ ಕೇಳಿಸಿಕೊಳ್ಳಬೇಕು. ಆಮೇಲೆ ತಾಲೀಮಿನಲ್ಲಿ, ತಲೆಯೊಳಗೆ ಕೇಳಿಸಿದ್ದಕ್ಕೂ ಕಿವಿಗೆ ಬಿದ್ದದ್ದಕ್ಕೂ ಎಲ್ಲಿ ತಾಳೆಯಾಗಲಿಲ್ಲ ಎಂದು ಆ ಕ್ಷಣದಲ್ಲೇ ಗುರುತಿಸಬೇಕು.

ಮೆಹ್ತಾರ ಗುರು ಹಾನ್ಸ್ ಸ್ವರೋವ್ಸ್ಕಿ. ಶೋನ್‌ಬರ್ಗ್ ಮತ್ತು ವೇಬರ್ನ್ ಎಂಬ ಆಧುನಿಕ ರಚನಕಾರರ ಬಳಿ ಕಲಿತ ಮನುಷ್ಯ. ಕೃತಿಯನ್ನು ಬಿಡಿಸಿ ನೋಡದೆ ಕೋಲು ಎತ್ತಬಾರದು ಎನ್ನುವ ಕಟ್ಟುನಿಟ್ಟು. ಆ ಪಾಠದ ಜೊತೆಗೆ ಮೆಹ್ತಾ ಡಬಲ್ ಬಾಸನ್ನೂ ಕಲಿತರು. ವೃಂದದ ಒಳಗಿನಿಂದ ಕಂಡಕ್ಟರ್ ಹೇಗೆ ಕಾಣುತ್ತಾನೆ ಎಂಬುದನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ನನಗೆ ತುಂಬ ಇಷ್ಟವಾದ ಕಥೆ ಇಲ್ಲಿದೆ. ದೊಡ್ಡ ಕಂಡಕ್ಟರುಗಳ ತಾಲೀಮಿಗೆ ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ. ಮೆಹ್ತಾ ಮತ್ತು ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಸೇರಿ ಅದಕ್ಕೊಂದು ಉಪಾಯ ಹುಡುಕಿದರು: ಅಲ್ಲಿನ ಹೆಸರಾಂತ ಗಾಯನವೃಂದಕ್ಕೆ ಮಂದ್ರ ಸ್ವರದ ಗಾಯಕರಾಗಿ ಸೇರಿಕೊಂಡರು. ಬ್ರೂನೋ ವಾಲ್ಟರ್, ಕರಾಯನ್ ಮೊದಲಾದವರನ್ನು ಎದುರಿನಿಂದ, ಮುಖ ನೋಡುತ್ತಾ, ದಿನಗಟ್ಟಲೆ ಗಮನಿಸಿದರು. ಸಭಿಕರಿಗೆ ಬೆನ್ನಷ್ಟೇ ಕಾಣುತ್ತದೆ, ಈ ಇಬ್ಬರು ಮುಖವನ್ನು ಪುಕ್ಕಟೆಯಾಗಿ ನೋಡಿದರು. ಅಬ್ಬಾಡೊ ಮುಂದೆ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಮುಖ್ಯಸ್ಥರಾದರು.

ಮೊದಲ ದೊಡ್ಡ ಅವಕಾಶ ಸಿಗುವುದು ಹೇಗೆ?

ಸ್ಪರ್ಧೆಗಳಿವೆ. ಮೆಹ್ತಾ 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದು ಅಲ್ಲಿನ ವೃಂದಕ್ಕೆ ಒಂದು ವರ್ಷ ಸಹಾಯಕರಾಗಿದ್ದರು. ಮರುವರ್ಷ ಫ್ರಾನ್ಸಿನ ಬೆಸಾನ್ಸಾನ್ ಸ್ಪರ್ಧೆಯನ್ನು ಜಪಾನಿನ ಸೇಜಿ ಒಜಾವಾ ಗೆದ್ದರು. ವೆನೆಜುವೆಲಾದ ಗುಸ್ತಾವೊ ದುದಮೆಲ್‌ಗೆ ದಾರಿ ತೆರೆದದ್ದು 2004ರಲ್ಲಿ ಜರ್ಮನಿಯ ಬಾಂಬರ್ಗ್‌ನಲ್ಲಿ ನಡೆದ ಮಾಲರ್ ಸ್ಪರ್ಧೆ.

ಆದರೆ ನಿಜವಾದ ಬಾಗಿಲು ಇನ್ನೊಬ್ಬರ ಜ್ವರ. 1886ರಲ್ಲಿ ರಿಯೊ ಡಿ ಜನೈರೊದಲ್ಲಿ ಒಪೆರಾ ಎಂಬ ಸಂಗೀತ ನಾಟಕದ ತಂಡವೊಂದಕ್ಕೆ ಕಂಡಕ್ಟರ್ ಇಲ್ಲದಂತಾದಾಗ, ಚೆಲ್ಲೊ ನುಡಿಸುತ್ತಿದ್ದ ಹತ್ತೊಂಬತ್ತರ ತೊಸ್ಕಾನಿನಿ ಎದ್ದು ಬಂದು ‘ಐದಾ’ವನ್ನು ಪುಸ್ತಕ ನೋಡದೆ ನಡೆಸಿದ. 1943ರ ನವೆಂಬರ್ 14ರಂದು ಬ್ರೂನೋ ವಾಲ್ಟರ್ ಕಾಯಿಲೆ ಬಿದ್ದಾಗ, ತಾಲೀಮಿಲ್ಲದೆ ನ್ಯೂಯಾರ್ಕ್ ವೃಂದದ ಮುಂದೆ ನಿಂತ ಇಪ್ಪತ್ತೈದರ ಲೆನರ್ಡ್ ಬರ್ನ್‌ಸ್ಟೈನ್ ಮರುದಿನ ಪತ್ರಿಕೆಯ ಮುಖಪುಟದಲ್ಲಿದ್ದರು. ಮೆಹ್ತಾ ಈ ಸಾಲಿನಲ್ಲಿ ಎಲ್ಲರನ್ನೂ ಮೀರಿಸಿದವರು. ಮಾಂಟ್ರಿಯಲ್‌ನಲ್ಲಿ ಮಾರ್ಕೆವಿಚ್ ಬದಲಿಗೆ, ಲಾಸ್ ಏಂಜಲೀಸ್‌ನಲ್ಲಿ ಫ್ರಿಟ್ಜ್ ರೈನರ್ ಬದಲಿಗೆ, ಇಸ್ರೇಲಿನಲ್ಲಿ ಆರ್ಮಂಡಿ ಬದಲಿಗೆ. ಒಂದೆರಡು ವರ್ಷಗಳ ಅಂತರದಲ್ಲಿ ಮೂರು ಬದಲಿ, ಮೂರೂ ಕಡೆ ಮುಂದೆ ಕಾಯಂ ಹುದ್ದೆ.

ಇದನ್ನು ಅದೃಷ್ಟ ಎನ್ನುವವರಿಗೆ ನನ್ನದೊಂದು ತಕರಾರಿದೆ. ಬದಲಿಯಾಗಿ ಬರುವವರು ಮುಂಚೆಯೇ ಘೋಷಿಸಿದ ಕೃತಿಗಳನ್ನೇ ನಡೆಸಬೇಕಾಗುತ್ತದೆ. ಫೋನು ಬಂದಾಗ ಆ ಸ್ಕೋರ್ ತಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಫೋನು ಇನ್ನೊಬ್ಬರಿಗೆ ಹೋಗುತ್ತದೆ.

ಮೆಹ್ತಾರಿಂದಾಗಿ ಕಂಡಕ್ಟರ್ ಸೋಲ್ಟಿ ರಾಜೀನಾಮೆ ಕೊಟ್ಟರಂತೆ, ನಿಜವೇ?

ನಿಜ. ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್‌ನ ಮುಖ್ಯಸ್ಥರಾಗಲು ಗೆಯೊರ್ಗ್ ಸೋಲ್ಟಿ ಒಪ್ಪಿದ್ದರು. ಅವರನ್ನು ಒಂದು ಮಾತು ಕೇಳದೆ ಆಡಳಿತದವರು ಮೆಹ್ತಾರನ್ನು ಸಹಾಯಕರಾಗಿ ನೇಮಿಸಿದರು. ಸೋಲ್ಟಿ 1961ರಲ್ಲಿ ಬಿಟ್ಟು ನಡೆದರು. ಕುರ್ಚಿ ಮೆಹ್ತಾರಿಗೆ ಬಂತು. 1962ರಿಂದ 1978ರವರೆಗೆ ಅಲ್ಲಿದ್ದರು, ಅದೇ ಹೊತ್ತಿಗೆ 1967ರವರೆಗೆ ಮಾಂಟ್ರಿಯಲ್ ವೃಂದವೂ ಅವರದೇ. ಮೆಹ್ತಾರ ತಪ್ಪು ಇದರಲ್ಲಿ ಇರಲಿಲ್ಲ.

ಅವರದೇ ತಪ್ಪು ಬೇಕಿದ್ದರೆ ಅದೂ ಇದೆ. 1967ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಬಗ್ಗೆ ಹಗುರವಾಗಿ ಮಾತನಾಡಿ ಕ್ಷಮೆ ಕೇಳಬೇಕಾಯಿತು. ಹನ್ನೊಂದು ವರ್ಷಗಳ ನಂತರ ಅದೇ ವೃಂದದ ಮುಖ್ಯಸ್ಥರಾಗಿ 1991ರವರೆಗೆ ಹದಿಮೂರು ವರ್ಷ ಉಳಿದರು.

ವೃಂದವೊಂದರ ಸಂಗೀತ ನಿರ್ದೇಶಕ, ಎಂದರೆ ಮುಖ್ಯ ಕಂಡಕ್ಟರ್, ಆದ ಮೇಲೆ ದಿನಚರಿ ಹೇಗಿರುತ್ತದೆ? ಸಂಬಳ?

ಅಮೆರಿಕದ ದೊಡ್ಡ ವೃಂದದಲ್ಲಿ ಒಂದು ವಾರವೆಂದರೆ ಸಾಮಾನ್ಯವಾಗಿ ಎರಡೂವರೆ ಗಂಟೆಯ ನಾಲ್ಕು ತಾಲೀಮು, ಆಮೇಲೆ ಅದೇ ಕಾರ್ಯಕ್ರಮದ ಮೂರು ನಾಲ್ಕು ಕಛೇರಿ. ಗಡಿಯಾರ ಮುಳ್ಳು ಮುಟ್ಟಿದ ಕೂಡಲೇ ತಾಲೀಮು ನಿಲ್ಲಬೇಕು. ವಾದಕರ ಸಂಘದ ಒಪ್ಪಂದ ಹಾಗಿರುತ್ತದೆ. ಉಳಿದ ಹೊತ್ತೆಲ್ಲ ಮುಂದಿನ ಎರಡು ವರ್ಷಗಳ ಕಾರ್ಯಕ್ರಮ ಆರಿಸುವುದು, ಹೊಸ ವಾದಕರ ಆಯ್ಕೆ, ದಾನಿಗಳ ಜೊತೆ ಊಟ, ವಿಮಾನ ನಿಲ್ದಾಣ. ದಾನಿಗಳ ಊಟವನ್ನು ತಮಾಷೆಗೆ ಹೇಳಲಿಲ್ಲ. ಅಮೆರಿಕದಲ್ಲಿ ಸರ್ಕಾರದ ಹಣ ಕಡಿಮೆ, ವೃಂದ ಬದುಕುವುದು ದೇಣಿಗೆಯಿಂದ.

ಮುಂಚೂಣಿಯ ಬೆರಳೆಣಿಕೆಯ ಜನರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಮೀರಿ ಸಂಬಳವಿದೆ. ಉಳಿದವರು ಕಛೇರಿಗಿಷ್ಟು ಎಂದು ಪಡೆದು, ಅದರಲ್ಲಿ ಏಜೆಂಟರ ಪಾಲು ಕಳೆದು, ಪಾಠ ಹೇಳಿ ಬದುಕುತ್ತಾರೆ.

ಇಸ್ರೇಲಿನಲ್ಲಿ ಏನೋ ಗಲಾಟೆಯಾಗಿತ್ತಲ್ಲ?

ಇಸ್ರೇಲ್ ಫಿಲ್‌ಹಾರ್ಮೋನಿಕ್‌ನೊಂದಿಗಿನ ನಂಟು ಮೆಹ್ತಾರ ಬದುಕಿನ ಅತಿ ಉದ್ದದ ನಂಟು. 1969ರಲ್ಲಿ ಸಲಹೆಗಾರ, 1977ರಲ್ಲಿ ನಿರ್ದೇಶಕ, 1981ರಲ್ಲಿ ಆಜೀವ ನಿರ್ದೇಶಕ. 2019ರ ಅಕ್ಟೋಬರಿನಲ್ಲಿ ನಿವೃತ್ತಿ.

ಗಲಾಟೆ ಅದೇ 1981ರದು. 19ನೇ ಶತಮಾನದ ಜರ್ಮನ್ ರಚನಕಾರ ವಾಗ್ನರ್‌ನ ಸಂಗೀತವನ್ನು ಆ ವೃಂದ 1938ರಿಂದ ನುಡಿಸಿರಲಿಲ್ಲ. ವಾಗ್ನರ್ ಯಹೂದಿ ದ್ವೇಷಿ, ಹಿಟ್ಲರ್‌ಗೆ ಪ್ರಿಯನಾದವನು. ಅವನ ಸಂಗೀತ ಕೇಳಿದರೆ ನಾತ್ಸಿಗಳ ಯಾತನಾ ಶಿಬಿರಗಳು ನೆನಪಾಗುವ ಜನ ಸಭೆಯಲ್ಲಿ ಕುಳಿತಿರುತ್ತಿದ್ದರು. ಟೆಲ್ ಅವೀವ್‌ನ ಕಛೇರಿಯೊಂದರ ಕೊನೆಗೆ ಮೆಹ್ತಾ ಸಭಿಕರತ್ತ ತಿರುಗಿ, ಮುಂದೆ ನುಡಿಸುವುದು ವಾಗ್ನರ್ ಎಂದೂ, ಕೇಳಲಾರದವರು ಎದ್ದು ಹೋಗಬಹುದೆಂದೂ ಹೇಳಿದರು. ಸಂಗೀತ ಶುರುವಾಯಿತು. ಸಭಾಂಗಣದ ಸಿಬ್ಬಂದಿಯೊಬ್ಬರು ವೇದಿಕೆಯ ಬಳಿ ಬಂದು ಅಂಗಿ ಎತ್ತಿ ತಮ್ಮ ಮೈಮೇಲಿನ ಗಾಯದ ಕಲೆಗಳನ್ನು ತೋರಿಸಿದರು.

ಸಂಗೀತಕ್ಕೆ ಗಡಿಯಿಲ್ಲ ಎನ್ನುವವರು ಇಂಥ ಹೊತ್ತಿನಲ್ಲಿ ಸ್ವಲ್ಪ ಸುಮ್ಮನಿರುವುದು ಒಳ್ಳೆಯದು. ಮೆಹ್ತಾ ಮಾಡಿದ್ದು ಸಂಗೀತದ ದೃಷ್ಟಿಯಿಂದ ಸರಿ ಎಂದೇ ನನಗನಿಸುತ್ತದೆ. ಆ ಗಾಯಕ್ಕೆ ಕೊಡಲು ಉತ್ತರವಂತೂ ನನ್ನ ಬಳಿ ಇಲ್ಲ. 1994ರಲ್ಲಿ ಇದೇ ಮೆಹ್ತಾ, ಯುದ್ಧದಲ್ಲಿ ಸುಟ್ಟುಹೋದ ಬೋಸ್ನಿಯಾದ ಸರಾಯೆವೊ ಗ್ರಂಥಾಲಯದ ಗೋಡೆಗಳ ನಡುವೆ ಆ ಊರಿನ ವಾದಕರನ್ನೇ ಕೂಡಿಸಿಕೊಂಡು ಮೊಜಾರ್ಟ್‌ನ ‘ರೆಕ್ವಿಯೆಮ್’ ಎಂಬ, ಸತ್ತವರ ಶಾಂತಿಗಾಗಿ ಹಾಡುವ ಕೃತಿಯನ್ನು ನಡೆಸಿದರು.

ಭಾರತಕ್ಕೆ ಬಂದು ನುಡಿಸಿದ್ದಾರೆಯೇ?

ಹಲವು ಸಲ. 1994ರಲ್ಲಿ ಇಸ್ರೇಲ್ ಫಿಲ್‌ಹಾರ್ಮೋನಿಕ್ ಜೊತೆಗೆ ಬಂದರು. ಎರಡು ದೇಶಗಳ ನಡುವೆ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟದ್ದೇ 1992ರಲ್ಲಿ. 2013ರ ಸೆಪ್ಟೆಂಬರ್ 7ರಂದು ಶ್ರೀನಗರದ ಶಾಲಿಮಾರ್ ಬಾಗ್‌ನಲ್ಲಿ ಮ್ಯೂನಿಕ್‌ನ ವೃಂದದೊಂದಿಗೆ ನಡೆಸಿದ ಕಛೇರಿಗೆ ಕಾಶ್ಮೀರಿ ವಾದಕರೂ ಸೇರಿದ್ದರು. ಆಹ್ವಾನಿತರಿಗೆ ಮಾತ್ರ ಪ್ರವೇಶ ಎಂಬ ಕಾರಣಕ್ಕೆ ಟೀಕೆಯೂ ಬಂತು, ಪ್ರತಿಭಟನೆಯೂ ನಡೆಯಿತು. ಮುಂಬೈಯಲ್ಲಿ ತಂದೆಯ ಹೆಸರಿನ ಪ್ರತಿಷ್ಠಾನ ಮಕ್ಕಳಿಗೆ ಸಂಗೀತ ಕಲಿಸುತ್ತದೆ. 1966ರಲ್ಲಿ ಪದ್ಮಭೂಷಣ, 2001ರಲ್ಲಿ ಪದ್ಮವಿಭೂಷಣ. ಊಟಕ್ಕೆ ಎಲ್ಲಿ ಹೋದರೂ ಜೇಬಿನಲ್ಲಿ ಪುಟ್ಟ ಡಬ್ಬಿಯಲ್ಲಿ ಖಾರದ ಮೆಣಸಿನಕಾಯಿ ಒಯ್ಯುತ್ತಾರೆಂಬುದು ಅವರ ಬಗ್ಗೆ ಬರೆದವರೆಲ್ಲ ಹೇಳುವ ಮಾತು.

ಕರ್ನಾಟಕಕ್ಕೂ ಈ ಲೋಕಕ್ಕೂ ಏನಾದರೂ ನಂಟಿದೆಯೇ?

ಇದೆ, ನಾವು ಎದೆಯುಬ್ಬಿಸಿ ಹೇಳಿಕೊಳ್ಳುವಷ್ಟು ದೊಡ್ಡದೇ. ಜಯಚಾಮರಾಜೇಂದ್ರ ಒಡೆಯರ್ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ನಮಗೆ ಗೊತ್ತು. ಅದೇ ಒಡೆಯರು ಪಾಶ್ಚಾತ್ಯ ಸಂಗೀತದ ಗಟ್ಟಿ ರಸಿಕರು. ರಷ್ಯಾದ ರಚನಕಾರ ಮೆಡ್ಟ್‌ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಡ್ಟ್‌ನರ್ ತಮ್ಮ ಮೂರನೇ ಪಿಯಾನೊ ಕಾಂಚೆರ್ಟೊವನ್ನು (ಪಿಯಾನೊ ಮತ್ತು ವೃಂದಕ್ಕೆ ಬರೆದ ಕೃತಿ) ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು.

ಕಂಡಕ್ಟರುಗಳ ವಿಷಯಕ್ಕೆ ಬಂದರೆ, ಎರಡನೇ ಮಹಾಯುದ್ಧದ ನಂತರ ವಾಲ್ಟರ್ ಲೆಗ್ ಎಂಬವರು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ವೃಂದ ಕಟ್ಟಿದರು. ಅದರ ಕಛೇರಿ ಸಂಘಕ್ಕೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ನಮ್ಮ ಒಡೆಯರು. ನಾತ್ಸಿ ಪಕ್ಷದ ಸದಸ್ಯತ್ವದ ಕಾರಣಕ್ಕೆ ನಿಷೇಧ ಅನುಭವಿಸಿ ಹೊರಬಂದಿದ್ದ ಕರಾಯನ್ ಮತ್ತೆ ತಲೆಯೆತ್ತಿದ ಜಾಗಗಳಲ್ಲಿ ಆ ವೃಂದ ಮುಖ್ಯವಾದದ್ದು. 1949ರಲ್ಲಿ ಅವರು ಬಾಲಕಿರೆವ್‌ನ ಮೊದಲ ಸಿಂಫನಿಯನ್ನು ಧ್ವನಿಮುದ್ರಿಸಿಕೊಂಡದ್ದು ಮೈಸೂರಿನ ಹಣದಲ್ಲಿ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ತೀರಿಕೊಂಡು ವರ್ಷವೂ ತುಂಬದ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳನ್ನು ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿ ಹಾಡಿದರು. ಆ ಸಂಜೆಗೂ ಬೆನ್ನಾಸರೆ ಮೈಸೂರಿನದೇ. ಅರಮನೆಯ ಅಂಬಾರಿ ನೋಡಲು ಹೋಗುವ ನಮಗೆ ಇದನ್ನು ಯಾರೂ ಹೇಳುವುದಿಲ್ಲ.

ಹೆಂಗಸರು ಕಂಡಕ್ಟರ್ ಆಗುತ್ತಾರೆಯೇ?

ಆಗುತ್ತಾರೆ, ತೀರ ತಡವಾಗಿ ಬಿಟ್ಟುಕೊಟ್ಟರು. ಆಂಟೋನಿಯಾ ಬ್ರಿಕೊ 1930ರಲ್ಲೇ ಬರ್ಲಿನ್ ಫಿಲ್‌ಹಾರ್ಮೋನಿಕ್ ನಡೆಸಿದ್ದರೂ, ಅಮೆರಿಕದ ದೊಡ್ಡ ವೃಂದವೊಂದಕ್ಕೆ ಮಹಿಳೆ ಮುಖ್ಯಸ್ಥೆಯಾಗಲು 2007ರವರೆಗೆ ಕಾಯಬೇಕಾಯಿತು: ಬಾಲ್ಟಿಮೋರ್‌ನಲ್ಲಿ ಮರಿನ್ ಆಲ್ಸಪ್. ವಿಯೆನ್ನಾ ಫಿಲ್‌ಹಾರ್ಮೋನಿಕ್ ಹೆಣ್ಣುಮಕ್ಕಳನ್ನು ವಾದಕ ಸದಸ್ಯರನ್ನಾಗಿ ಸೇರಿಸಿಕೊಂಡದ್ದೇ 1997ರಲ್ಲಿ. ನಾಚಿಕೆಗೇಡು.

ನನ್ನ ಮಗಳಿಗೆ ಹದಿನಾಲ್ಕು ವರ್ಷ. ಕಂಡಕ್ಟರ್ ಆಗಬೇಕಂತೆ. ಏನು ಮಾಡಲಿ?

ಮೊದಲು ಒಂದು ವಾದ್ಯ, ಚೆನ್ನಾಗಿ. ಪಿಯಾನೊ ಗೊತ್ತಿದ್ದರೆ ಸ್ಕೋರನ್ನು ಒಬ್ಬಳೇ ನುಡಿಸಿ ನೋಡಬಹುದು, ತಂತಿವಾದ್ಯವಾದರೆ ವೃಂದದೊಳಗೆ ಕೂರಬಹುದು. ಗಾಯನವೃಂದ ಸಿಕ್ಕರೆ ಬಿಡಬೇಡಿ. ಅಲ್ಲಿ ಕೈಸನ್ನೆಯ ಅರ್ಥ ಗಂಟಲಿಗೇ ತಿಳಿಯುತ್ತದೆ. ಐದಾರು ಗೆಳೆಯರನ್ನು ಕೂಡಿಸಿ ನಡೆಸಲಿ. ಕನ್ನಡಿಯ ಮುಂದೆ ಕೈ ಬೀಸುವ ಅಭ್ಯಾಸ ಬೇಡ, ಕನ್ನಡಿ ಯಾವತ್ತೂ ತಪ್ಪು ಸ್ವರ ನುಡಿಸುವುದಿಲ್ಲ. ಪದವಿಗೆ ಹೊರದೇಶವೇ ಗತಿ. ನಮ್ಮಲ್ಲಿ ವೃತ್ತಿಪರ ಸಿಂಫನಿ ವೃಂದವೆಂದರೆ 2006ರಲ್ಲಿ ಮುಂಬೈಯ ಎನ್‌ಸಿಪಿಎ ಎಂಬ ಕಲಾಸಂಸ್ಥೆ ಕಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಒಂದೇ. ಹೆಚ್ಚಿನ ಸ್ಪರ್ಧೆಗಳಿಗೆ ಮೂವತ್ತೈದರ ಆಸುಪಾಸಿನ ವಯೋಮಿತಿ ಇರುತ್ತದೆ, ಹಾಗಾಗಿ ಅವಳಿಗೆ ಸಮಯವಿದೆ.

ಮತ್ತೆ, ವಾದ್ಯ ನುಡಿಸುತ್ತಲೇ ಅವಳಿಗೆ ಕಂಡಕ್ಟರ್ ಆಗುವ ಆಸೆ ಹೋಗಿಬಿಟ್ಟರೆ ನಷ್ಟವೇನೂ ಇಲ್ಲ. ಒಬ್ಬ ಒಳ್ಳೆಯ ವಾದಕಿ ಸಿಕ್ಕಳು.

ಕಂಡಕ್ಟರುಗಳಿಗೆ ನಿವೃತ್ತಿಯೇ ಇಲ್ಲವೇ?

ಬಹುಮಟ್ಟಿಗೆ ಇಲ್ಲ. ಸ್ಟೊಕೋವ್ಸ್ಕಿ 95ರಲ್ಲಿ ತೀರಿಕೊಂಡ ವರ್ಷವೂ ಧ್ವನಿಮುದ್ರಣ ಮಾಡುತ್ತಿದ್ದರು. 1927ರಲ್ಲಿ ಹುಟ್ಟಿದ ಹರ್ಬರ್ಟ್ ಬ್ಲೂಮ್‌ಸ್ಟೆಡ್ 95 ದಾಟಿದ ಮೇಲೂ ಕಛೇರಿ ನಡೆಸಿದರು. ಮೆಹ್ತಾ ಕಾಯಿಲೆಯಿಂದ ಚೇತರಿಸಿಕೊಂಡ ಮೇಲೆ ಕುಳಿತು ನಡೆಸತೊಡಗಿದರು. ಇನ್ನು ಕೆಲವರು ಕೋಲು ಹಿಡಿದೇ ಹೋದರು: 2001ರಲ್ಲಿ ಸಿನೊಪೊಲಿ ಬರ್ಲಿನ್‌ನಲ್ಲಿ ‘ಐದಾ’ ನಡೆಸುತ್ತಲೇ ಕುಸಿದರು.

ಮೆಹ್ತಾರನ್ನು ನೋಡಲು ಎಲ್ಲಿಂದ ಆರಂಭಿಸಲಿ?

ಎಲ್ಲರೂ 1990ರ ಜುಲೈಯಲ್ಲಿ ರೋಮ್‌ನಲ್ಲಿ ನಡೆದ ಮೂವರು ಗಾಯಕರ ಕಛೇರಿಯನ್ನು ಹೇಳುತ್ತಾರೆ: ಪವರೊಟ್ಟಿ, ದೊಮಿಂಗೊ, ಕರೇರಸ್, ಹಿಂದೆ ಮೆಹ್ತಾ. ಅದು ಗಾಯಕರ ಸಂಜೆ. ನಾನಾದರೆ 1969ರಲ್ಲಿ ಶೂಬರ್ಟ್‌ನ ‘ಟ್ರೌಟ್’ ಎಂಬ ಐದು ವಾದ್ಯಗಳ ಕೃತಿಯನ್ನು ನುಡಿಸಿದ ಚಿತ್ರೀಕರಣವನ್ನು ಮೊದಲು ತೋರಿಸುತ್ತೇನೆ. ಬಾರೆನ್‌ಬಾಯ್ಮ್, ಪರ್ಲ್‌ಮನ್, ಝೂಕರ್‌ಮನ್, ಜಾಕ್ಲಿನ್ ದು ಪ್ರೇ ಜೊತೆಗೆ ಮೆಹ್ತಾ ಡಬಲ್ ಬಾಸ್ ಹಿಡಿದು ನಿಂತಿದ್ದಾರೆ. ಕೋಲಿಲ್ಲ, ಕೀಟಲೆ ಬಹಳ.

ಆಮೇಲೆ ವಿಯೆನ್ನಾದ ಹೊಸವರ್ಷದ ಕಛೇರಿ. ಮೆಹ್ತಾ ಅದನ್ನು 1990, 1995, 1998, 2007 ಮತ್ತು 2015ರಲ್ಲಿ ನಡೆಸಿದ್ದಾರೆ, ಯಾವುದಾದರೂ ಸರಿ. ಕೊನೆಯ ‘ರಾಡೆಟ್ಸ್ಕಿ ಮಾರ್ಚ್’ಗೆ ಬನ್ನಿ. ಅಲ್ಲಿ ಸಭಿಕರು ಚಪ್ಪಾಳೆಯಿಂದ ತಾಳ ಹಾಕುವ ಸಂಪ್ರದಾಯವಿದೆ, ಕಂಡಕ್ಟರ್ ಅದಕ್ಕಾಗಿ ನಮ್ಮ ಕಡೆ ತಿರುಗುತ್ತಾರೆ. ಸಂಗೀತ ಮೆತ್ತಗಾಗುವ ಜಾಗ ಬಂದಾಗ ಮೆಹ್ತಾರ ಅಂಗೈ ಕೆಳಮುಖವಾಗಿ ಇಳಿಯುವುದನ್ನು ಗಮನಿಸಿ. ಇಡೀ ಸಭಾಂಗಣದ ಚಪ್ಪಾಳೆ ತಗ್ಗುತ್ತದೆ. ಯಾವುದೋ ಮೂಲೆಯಲ್ಲಿ ಒಬ್ಬರು ಮಾತ್ರ ಜೋರಾಗಿಯೇ ಬಡಿಯುತ್ತಿರುತ್ತಾರೆ, ಎರಡನೇ ಪಿಟೀಲಿನ ಕೊನೆಯ ಕುರ್ಚಿಯಲ್ಲಿ ಕೂತು ನಾನು ಮಾಡುತ್ತಿದ್ದಂತೆ.